ಗಾರ್ಡನ್ ಬಿಡಿ, ರಾತ್ರಿ ಡ್ಯೂಟಿಗೆ ಎಷ್ಟು ಮಾವಶಿ ಅಂತ ಕೇಳಿ

ಮುಂಬೈಯಲ್ಲಿರುವ ನಮ್ಮೂರಿನವರ ವಾಟ್ಸಾಪ್ ಗ್ರೂಪಲ್ಲಿ ಆಗಾಗ ಒಂದು ಮೆಸೇಜ್ ಬರ್ತದೆ. "ಅಮ್ಮನಿಗೆ ಸ್ಟ್ರೋಕ್ ಆಗಿ ಮಲಗಿದಲ್ಲೇ ಇದ್ದಾರೆ, ಥಾಣೆ ಡೊಂಬಿವಲಿ ಪನ್ವೇಲ್ ಕಡೆ ಒಳ್ಳೆ ಕೇರ್ ಹೋಮ್ ಇದ್ರೆ ತಿಳಿಸಿ." ಕೂಡ್ಲೇ ಉತ್ತರಗಳ ಸುರಿಮಳೆ. ಅಲ್ಲಿ ದೊಡ್ಡ ಗಾರ್ಡನ್ ಉಂಟು, ಇಲ್ಲಿ ಎಸಿ ರೂಮ್ ಉಂಟು, ಇನ್ನೊಂದ್ರಲ್ಲಿ ಸಂಜೆ ಭಜನೆ ಮಾಡಿಸ್ತಾರೆ, ಗಣಪತಿ ಕೂರಿಸ್ತಾರೆ, ಪಾರ್ಕಿಂಗ್ ಸಹ ಉಂಟು. ಮಲಗಿದಲ್ಲೇ ಇರುವವರಿಗೆ ಗಾರ್ಡನ್ ಎಂತಕ್ಕೆ ಮಾರಾಯ್ರೆ? ಅದು ಇರುದು ನಮಗೆ, ಬಿಟ್ಟು ವಾಪಸ್ ಬರುವಾಗ ನಮ್ಮ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ.

ನನ್ನ ದೊಡ್ಡಮ್ಮ ಈಗ ಬದ್ಲಾಪುರದ ಕಡೆ ಒಂದು ಹೋಮಲ್ಲಿದ್ದಾರೆ. ಬಲಭಾಗಕ್ಕೆ ಶಕ್ತಿ ಇಲ್ಲ, ಮಾತು ಅರ್ಧಂಬರ್ಧ. ಅವರ ಮಗ, ನಮ್ಮ ಅಣ್ಣ, ಮಸ್ಕತ್‌ನಲ್ಲಿರುದು, ದುಡ್ಡು ಅವನದ್ದು ಓಡಾಟ ನಂದು. ಇದಕ್ಕೆ ಮೊದ್ಲು ಬೇರೊಂದು ಕಡೆ ಇದ್ರು, ಮಾರ್ಬಲ್ ನೆಲ, ರಿಸೆಪ್ಶನ್ನಲ್ಲಿ ಹೂವಿನ ಕುಂಡ ಎಲ್ಲ ಇತ್ತು, ಅದ್ರ ಹೆಸರು ನಾನು ಹೇಳುದಿಲ್ಲ. ಹಾಂ, "ಹೆತ್ತವ್ರನ್ನ ಅಂಥಲ್ಲಿ ಬಿಡುದಾ, ಮನೆಯಲ್ಲೇ ನೋಡ್ಬಾರ್ದಾ" ಅಂತ ಬರೀಲಿಕ್ಕೆ ರೆಡಿ ಆದವ್ರಿಗೆ ಒಂದು ಮಾತು, ಲಿಫ್ಟ್ ಇಲ್ಲದ ಬಿಲ್ಡಿಂಗಿನ ಮೂರನೇ ಮಾಳಿಗೆಯ ಒನ್ ಬಿಎಚ್‌ಕೆ, ಗಂಡ ಹೆಂಡತಿ ಇಬ್ರೂ ಏಳೂವರೆ ಲೋಕಲ್ಲಿಗೆ ಹೋಗುವವ್ರು, ಅಲ್ಲಿ ಮಗ್ಗುಲು ಬದಲಿಸ್ಲಿಕ್ಕೆ ಇಬ್ರು ಬೇಕಾಗುವ ಪೇಶೆಂಟನ್ನ ಹೇಗೆ ನೋಡ್ಕೊಳ್ಳುದು ಅಂತ ಮೊದ್ಲು ತಿಳಿಸಿ, ಆಮೇಲೆ ಬೈರಿ.

ನಾನು ಹೇಳ್ಬೇಕಂತಿರುದು ಇಷ್ಟು. ಇಂಥ ಜಾಗ ಒಳ್ಳೇದಾ ಕೆಟ್ಟದ್ದಾ ಅಂತ ತೀರ್ಮಾನ ಆಗುದು ಮಾವಶಿಯರ ಮೇಲೆ, ಅಂದ್ರೆ ರೋಗಿಯ ಪಕ್ಕದಲ್ಲೇ ಇದ್ದು ನೋಡ್ಕೊಳ್ಳುವ ಆಯಾಗಳ ಮೇಲೆ. ಡಾಕ್ಟರ್ ಬಂದು ರೌಂಡ್ ಹಾಕಿ ಹೋಗ್ತಾರೆ, ಸಿಸ್ಟರ್ ಇಂಜೆಕ್ಷನ್ ಕೊಟ್ಟು ಹೋಗ್ತಾರೆ, ಉಳಿದ ಹೊತ್ತೆಲ್ಲ ಮಾವಶಿ. ತಿನ್ನಿಸುದು, ಒರೆಸುದು, ಡೈಪರ್ ಬದಲಿಸುದು, ಎಬ್ಬಿಸಿ ಕೂರಿಸುದು, ಬೈಗುಳ ತಿನ್ನುದು ಎಲ್ಲ ಅವ್ರೇ. ಆ ಮಾವಶಿ ಎಷ್ಟು ಸಮಯದಿಂದ ಅಲ್ಲಿದ್ದಾರೆ? ಆಯಾಗಳನ್ನ ಕಳಿಸುವ ಬ್ಯೂರೋದಿಂದ ಬಂದವ್ರಾ, ಹೋಮಿನ ಸಂಬಳದವ್ರಾ? ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಅಲ್ಲೇ ಕಾಟಿನ ಪಕ್ಕ ನೆಲದಲ್ಲಿ ಮಲಗ್ತಾರಾ, ಅವ್ರಿಗೆ ಒಂದು ರೂಮ್ ಉಂಟಾ? ರಜೆ ಹಾಕಿದ್ರೆ ಬದಲಿಗೆ ಯಾರು? ಇದನ್ನ ಕೇಳಿ. ಹೆಚ್ಚಿನ ಕಡೆ ಮ್ಯಾನೇಜರ್ ನಿಮ್ಮ ಮುಖ ನೋಡ್ತಾರೆ, ಇಷ್ಟರವರೆಗೆ ಯಾರೂ ಕೇಳ್ಲೇ ಇಲ್ಲ ಅಂತ.

ಯಾಕೆ ಇಷ್ಟು ಒತ್ತಿ ಹೇಳ್ತೇನೆ ಅಂದ್ರೆ, ದೊಡ್ಡಮ್ಮನಿಗೆ ಗಂಜಿ ಎಡಗೆನ್ನೆಯ ಕಡೆಯಿಂದ ಕೊಡ್ಬೇಕು, ಬಲಗಡೆ ಹಾಕಿದ್ರೆ ಅಲ್ಲೇ ನಿಂತು ಆಮೇಲೆ ಕೆಮ್ಮು ಬರ್ತದೆ. ಬಲಗೈ ಹಿಡಿದು ಎಳೆದ್ರೆ ಭುಜ ನೋಯ್ತದೆ, ಅವ್ರಿಗೆ ಹೇಳ್ಲಿಕ್ಕೆ ಆಗುದಿಲ್ಲ. ಇದೆಲ್ಲ ಫೈಲಲ್ಲಿ ಇರುದಿಲ್ಲ, ನೋಡ್ಕೊಂಡವ್ರ ಕೈಯಲ್ಲಿರ್ತದೆ. ಹಳೇ ಹೋಮಲ್ಲಿ ಹೋದಾಗೆಲ್ಲ ಹೊಸ ಮುಖ, ನಾನು ಎಡಗೆನ್ನೆ ಪುರಾಣ ಮತ್ತೆ ಮೊದಲಿಂದ ಶುರು ಮಾಡ್ಬೇಕು. ಈಗಿರುವಲ್ಲಿ ಫ್ಯಾನಿಗೆ ಧೂಳು ಹಿಡಿದಿದೆ, ಗೋಡೆಗೆ ಪೇಂಟ್ ಬೇಕು, ಆದ್ರೆ ಒಬ್ರು ಮಾವಶಿ ನಾನು ಬಾಯಿ ತೆರೆಯುವ ಮೊದ್ಲೇ "ಆಜಿ ನಿನ್ನೆ ಮಜ್ಜಿಗೆ ಬೇಡ ಅಂದ್ರು, ಬಾಯಲ್ಲಿ ಹುಣ್ಣಾಗಿದೆ" ಅಂತ ಹೇಳ್ತಾರೆ. ನಂಗೆ ಪೇಂಟ್ ಬೇಡ.

ಅವೆಡಿಸ್ ಡೊನಬೇಡಿಯನ್ ಅಂತ ಅಮೆರಿಕದಲ್ಲಿದ್ದ ಒಬ್ರು ಡಾಕ್ಟರ್ 1966ರಲ್ಲೇ ಬರೆದಿಟ್ಟಿದ್ದಾರೆ, ಆರೈಕೆಯ ಗುಣಮಟ್ಟ ಅಳೀಲಿಕ್ಕೆ ಮೂರು ನೋಡ್ಬೇಕು, ಅಲ್ಲಿ ಏನೇನು ಉಂಟು, ಏನು ಮಾಡ್ತಾರೆ, ಕೊನೆಗೆ ರೋಗಿಗೆ ಏನಾಯ್ತು ಅಂತ. ನಾವು ಮೊದಲನೇದನ್ನ ನೋಡಿ ಅಡ್ವಾನ್ಸ್ ಕಟ್ಟಿ ಬರ್ತೇವೆ. ಎರಡನೇದು ನಮಗೆ ಕಾಣುದಿಲ್ಲ, ನಾವು ಹೋಗುದೇ ಭಾನುವಾರ ಹನ್ನೊಂದು ಗಂಟೆಗೆ, ಅವತ್ತು ಇಡೀ ಹೋಮ್ ಮದುವೆ ಮನೆ ಹಾಗೆ ತಯಾರಾಗಿರ್ತದೆ, ಎಲ್ಲ ಅಜ್ಜಿಯರಿಗೂ ತಲೆ ಬಾಚಿ ಪೌಡರ್ ಹಾಕಿ ಕೂರಿಸಿರ್ತಾರೆ.

ಮೂರನೇದು ನೋಡ್ಲಿಕ್ಕೆ ಶೀಟ್ ಸರಿಸ್ಬೇಕು. ನಾಚಿಕೆ ಬೇಡ. ಸಿಸ್ಟರ್ ಹತ್ರ ಹೇಳಿ ಪರದೆ ಎಳೆದು ಹಿಮ್ಮಡಿ ನೋಡಿ, ಸೊಂಟದ ಎರಡು ಬದಿ ನೋಡಿ, ಬೆನ್ನಿನ ಕಟ್ಟಕಡೆಯ ಮೂಳೆ ಇರುವಲ್ಲಿ ನೋಡಿ. ಕೆಂಪಾಗಿದ್ರೆ ಬೆರಳಲ್ಲಿ ಒತ್ತಿ ಬಿಡಿ, ಒತ್ತಿದಾಗ ಬಿಳಿಯಾಗದೆ ಹಾಗೇ ಕೆಂಪಾಗಿ ಉಳಿದ್ರೆ ಬೆಡ್ ಸೋರ್, ಅಂದ್ರೆ ಮಲಗಿದಲ್ಲೇ ಇದ್ದು ಆಗುವ ಹುಣ್ಣು, ಶುರುವಾಗಿದೆ ಅಂತ ಅರ್ಥ, ಚರ್ಮ ಇನ್ನೂ ಒಡೆಯದಿದ್ರೂ ಸಹ. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುದಿಲ್ಲ, ಆ ಜಾಗ ಬಿಸಿ ಉಂಟಾ, ಗಟ್ಟಿ ಉಂಟಾ ಅಂತ ಮುಟ್ಟಿ ನೋಡ್ಬೇಕು. ತಾನಾಗಿ ಹೊರಳ್ಲಿಕ್ಕೆ ಆಗದವ್ರನ್ನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸ್ಬೇಕು ಅನ್ನುದು ನರ್ಸಿಂಗಿನ ಹಳೇ ರೂಢಿ. ಏರ್ ಬೆಡ್ ಹಾಕಿದ್ದೇವೆ ಇನ್ನು ಬೇಕಾಗಿಲ್ಲ ಅಂತ ಯಾರಾದ್ರೂ ಹೇಳಿದ್ರೆ ಅವ್ರಿಗೆ ಕೆಲಸ ಗೊತ್ತಿಲ್ಲ, ಇಲ್ಲಾ ಜನ ಸಾಕಾಗುದಿಲ್ಲ. ಮಗ್ಗುಲು ಬದಲಿಸಿದ ಚಾರ್ಟ್ ತೋರಿಸ್ತಾರೆ, ಅದನ್ನೂ ನೋಡಿ, ರಾತ್ರಿ ಹನ್ನೆರಡು, ಎರಡು, ನಾಲ್ಕು ಎಲ್ಲ ಒಂದೇ ಪೆನ್ನಲ್ಲಿ ಒಂದೇ ಅಕ್ಷರದಲ್ಲಿ ಒಟ್ಟಿಗೆ ಬರೆದ ಹಾಗಿದ್ರೆ ಅದು ಬೆಳಿಗ್ಗೆ ಚಹಾ ಕುಡೀತಾ ತುಂಬಿಸಿದ್ದು.

ಅಣ್ಣನಿಗೆ ಸಿಸಿಟಿವಿ ಹುಚ್ಚು. ಮಸ್ಕತ್‌ನಲ್ಲಿ ಕೂತು ಫೋನಲ್ಲಿ ನೋಡ್ತಾನೆ, "ಮಾವಶಿ ಹತ್ತು ನಿಮಿಷದಿಂದ ಕೂತಿದ್ದಾಳೆ" ಅಂತ ನಂಗೆ ಮೆಸೇಜ್. ಕೂರ್ಲಿ ಮಾರಾಯ, ಅವ್ರಿಗೂ ಸೊಂಟ ಉಂಟು. ಕ್ಯಾಮೆರಾದಲ್ಲಿ ಹಿಮ್ಮಡಿ ಕಾಣುದಿಲ್ಲ.

ಇಲ್ಲೊಂದು ನ್ಯಾಯದ ಮಾತೂ ಹೇಳ್ಬೇಕು. ಹುಣ್ಣು ಕಂಡ ಕೂಡ್ಲೇ ಹೋಮಿನವ್ರ ಮೇಲೆ ಹಾರ್ಬೇಡಿ. ಎಷ್ಟೋ ಜನ ಆಸ್ಪತ್ರೆಯ ಐಸಿಯುನಿಂದಲೇ ಹುಣ್ಣು ತಗೊಂಡು ಬರ್ತಾರೆ, ತೀರಾ ಸೀರಿಯಸ್ ಇರುವವ್ರನ್ನ ಸೇರಿಸಿಕೊಳ್ಳುವ ಹೋಮಲ್ಲಿ ಹುಣ್ಣು ಜಾಸ್ತಿ ಕಾಣುದು ಸಹಜ. ಅಡ್ಮಿಟ್ ಆದ ದಿನ ಮೈ ಪೂರ್ತಿ ನೋಡಿ ಬರೆದು ಫೋಟೋ ತೆಗೆದು ಇಟ್ಟಿದ್ದಾರಾ, ಬಂದ ಹುಣ್ಣು ಸಣ್ಣ ಆಗ್ತಾ ಉಂಟಾ ದೊಡ್ಡ ಆಗ್ತಾ ಉಂಟಾ, ಅದು ನೋಡ್ಬೇಕಾದ್ದು. ಬೀಳುದ್ರ ವಿಷ್ಯವೂ ಹೀಗೇ. "ನಮ್ಮಲ್ಲಿ ಇಷ್ಟರವರೆಗೆ ಯಾರೂ ಬೀಳ್ಲೇ ಇಲ್ಲ" ಅಂತ ಒಬ್ರು ಮಾಲೀಕರು ಎದೆ ತಟ್ಟಿ ಹೇಳಿದ್ರು, ನಂಗೆ ಹೆದರಿಕೆ ಆದದ್ದು ಆಗ. ವಯಸ್ಸಾದವ್ರು ನಡೆದಾಡುವ ಜಾಗದಲ್ಲಿ ಒಬ್ರೂ ಬೀಳುದಿಲ್ಲ ಅಂದ್ರೆ ಒಂದಾ ಸುಳ್ಳು, ಇಲ್ಲಾ ಯಾರನ್ನೂ ಮಂಚದಿಂದ ಇಳೀಲಿಕ್ಕೆ ಬಿಡುದಿಲ್ಲ. ಗಾಜ್ ಬ್ಯಾಂಡೇಜಲ್ಲಿ ಕೈ ಕಟ್ಟಿ ಮಂಚದ ರೇಲಿಂಗಿಗೆ ಬಿಗಿದದ್ದನ್ನ ನಾನೇ ನೋಡಿದ್ದೇನೆ. ಮಣಿಕಟ್ಟಿನ ಸುತ್ತ ಗೆರೆ ಉಂಟಾ ನೋಡಿ.

ಕಟ್ಟಿ ಹಾಕುದ್ರಲ್ಲಿ ಕಣ್ಣಿಗೆ ಕಾಣದ ಇನ್ನೊಂದು ವಿಧ ಉಂಟು, ಮಾತ್ರೆ. ಅಜ್ಜಿ ರಾತ್ರಿ ಕೂಗ್ತಾರೆ, ಬೇರೆಯವ್ರಿಗೆ ನಿದ್ರೆ ಇಲ್ಲ, ಸರಿ, ಕ್ವೆಟಿಯಾಪಿನ್ ಅನ್ನುವ ಮಾನಸಿಕ ಕಾಯಿಲೆಯ ಮಾತ್ರೆ ಶುರು. ಕೆಲವ್ರಿಗೆ ಅದು ನಿಜವಾಗಿ ಬೇಕಾಗ್ತದೆ, ಇಲ್ಲ ಅನ್ನುದಿಲ್ಲ. ಆದ್ರೆ ಮರೆವಿನ ಕಾಯಿಲೆ ಇರುವ ವೃದ್ಧರಿಗೆ ಈ ಜಾತಿಯ ಔಷಧಿ ಕೊಟ್ರೆ ಸಾವಿನ ಅಪಾಯ ಜಾಸ್ತಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ತಿಂಗಳ ಔಷಧಿ ಬಿಲ್ಲು ಕೈಗೆ ಬಂದಾಗ ಟೋಟಲ್ ಮಾತ್ರ ನೋಡ್ಬೇಡಿ, ಹೆಸರುಗಳನ್ನ ಓದಿ, ಹೊಸದ್ದು ಕಂಡ್ರೆ ಯಾರು ಬರೆದದ್ದು, ಎಂತಕ್ಕೆ, ಎಷ್ಟು ದಿನಕ್ಕೆ ಅಂತ ಕೇಳಿ. ಹಗಲು ಹನ್ನೆರಡು ಗಂಟೆಗೂ ಇಡೀ ವಾರ್ಡ್ ತೂಕಡಿಸ್ತಾ ಇದ್ರೆ ಅದನ್ನ "ಶಾಂತ ವಾತಾವರಣ" ಅಂತ ತಿಳೀಬೇಡಿ.

ರಾತ್ರಿ ವಿಷ್ಯ. ನಮ್ಮಲ್ಲಿ ಡ್ಯೂಟಿ ಬದಲಾಗುದು ಎಂಟಕ್ಕೆ, ಬೆಳಿಗ್ಗೆ ಎಂಟು ರಾತ್ರಿ ಎಂಟು. ಹಗಲಿನವ್ರು ಕೆಲಸ ಮುಗಿಸಿ ಹೋಗ್ಬೇಕಲ್ಲ, ಹಾಗಾಗಿ ರಾತ್ರಿ ಊಟ ಆರು ಆರೂವರೆಗೇ ಮುಗೀತದೆ, ಬೆಳಿಗ್ಗೆ ನಾಷ್ಟಾ ಎಂಟೂವರೆ. ಹದಿನಾಲ್ಕು ಗಂಟೆ ಖಾಲಿ ಹೊಟ್ಟೆ! ಇನ್ಸುಲಿನ್ ತಗೊಳ್ಳುವವ್ರಿಗೆ ಆ ಮಧ್ಯದಲ್ಲಿ ಶುಗರ್ 70ಕ್ಕಿಂತ ಕೆಳಗೆ ಇಳಿದ್ರೆ ಯಾರು ನೋಡುದು? ಮಾತಾಡ್ಲಿಕ್ಕೆ ಆಗದವ್ರು ಬೆವರಿ ಸುಮ್ನೆ ಬಿದ್ದಿದ್ರೆ ನಿದ್ರೆ ಅಂತಲೇ ತಿಳೀತಾರೆ. ಮಲಗುವ ಮೊದ್ಲು ಒಂದು ಲೋಟ ಹಾಲಾದ್ರೂ ಕೊಡ್ತಾರಾ, ರಾತ್ರಿ ಎಷ್ಟು ಜನಕ್ಕೆ ಎಷ್ಟು ಮಾವಶಿ, ಗ್ಲುಕೋಮೀಟರ್ ಬೀರುವಿನಲ್ಲಿ ಬೀಗ ಹಾಕಿಟ್ಟದ್ದಾ ಕೈಗೆ ಸಿಗುವ ಹಾಗೆ ಉಂಟಾ, ಇದು ನನ್ನ ಪ್ರಕಾರ ಗಾರ್ಡನ್ನಿಗಿಂತ ಸಾವಿರ ಪಾಲು ದೊಡ್ಡ ಪ್ರಶ್ನೆ. ಸಾಧ್ಯ ಆದ್ರೆ ಸಂಜೆ ಆರಕ್ಕೆ ಊಟದ ಹೊತ್ತಿಗೆ ಹೋಗಿ ನೋಡಿ. ಮಲಗಿಸಿಕೊಂಡೇ ಬಾಯಿಗೆ ಸುರೀತಾರಾ, ತಲೆ ಎತ್ತರಿಸಿ ಕೂರಿಸಿ ಕೊಡ್ತಾರಾ, ತಿಂದ ಮೇಲೆ ಅರ್ಧ ಗಂಟೆ ಹಾಗೇ ಕೂರಿಸಿರ್ತಾರಾ. ಮಲಗಿದವ್ರ ಗಂಟಲಿಗೆ ಗಂಜಿ ಹಾಕಿದ್ರೆ ಶ್ವಾಸಕ್ಕೆ ಹೋಗಿ ನ್ಯುಮೋನಿಯಾ ಆಗ್ತದೆ, ಮತ್ತೆ ಆಸ್ಪತ್ರೆ, ಮತ್ತೆ ಐಸಿಯು. ತಿಂಗಳಿಗೊಮ್ಮೆ ತೂಕ ನೋಡ್ತಾರಾ ಅಂತಲೂ ಕೇಳಿ, 50 ಕಿಲೋ ಇದ್ದವ್ರು ಒಂದು ತಿಂಗಳಲ್ಲಿ ಎರಡೂವರೆ ಕಿಲೋ ಇಳಿದ್ರೆ ಅದು ಶೇ. 5, ಸಣ್ಣ ವಿಷ್ಯ ಅಲ್ಲ.

ವಾಸನೆ ಬಗ್ಗೆ ಎಲ್ಲರೂ ಹೇಳ್ತಾರೆ, ಒಳಗೆ ಹೋದ ಕೂಡ್ಲೇ ಮೂತ್ರದ ವಾಸನೆ ಬಂದ್ರೆ ವಾಪಸ್ ಬನ್ನಿ ಅಂತ. ನಂಗೆ ಅಷ್ಟು ನಂಬಿಕೆ ಇಲ್ಲ. ಡೈಪರ್ ಬದಲಿಸುವ ಹೊತ್ತಿಗೆ ಹೋದ್ರೆ ಎಲ್ಲಿಯೂ ವಾಸನೆ ಬರ್ತದೆ. ಹಾಸಿಗೆಯಿಂದ ಹಳೇ ವಾಸನೆ ಬಂದ್ರೆ ಅದು ಬೇರೆ. ಮತ್ತೆ ಫಿನೈಲ್ ಘಂ ಅಂತ ಹೊಡೀತಾ ಇದ್ರೆ ಅದ್ರಡಿ ಎಂತ ಮುಚ್ಚಿದ್ದಾರೆ ನೋಡ್ಲಿಕ್ಕೆ ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂರ್ತೇನೆ.

"ಸರ್ಕಾರ ಚೆಕ್ ಮಾಡುದಿಲ್ವಾ" ಅಂತ ಕೇಳುವವ್ರಿಗೆ. ಮುಂಬೈಯಲ್ಲಿ ಗೋಡೆಗೆ ಹಾಕಿರುವ ನರ್ಸಿಂಗ್ ಹೋಮ್ ರಿಜಿಸ್ಟ್ರೇಷನ್ ಅಂದ್ರೆ 1949ರ ಕಾನೂನಿನದ್ದು, ಅದು ಸಣ್ಣ ಆಸ್ಪತ್ರೆ, ಹೆರಿಗೆ ಆಸ್ಪತ್ರೆಗಳನ್ನ ಮನಸ್ಸಲ್ಲಿಟ್ಟು ಮಾಡಿದ್ದು. ಇನ್ನು ಕೆಲವು ಕಡೆ ಬರೀ ಟ್ರಸ್ಟ್ ಸರ್ಟಿಫಿಕೇಟ್ ಫ್ರೇಮ್ ಹಾಕಿರ್ತಾರೆ, ಅದಕ್ಕೂ ಆರೈಕೆಗೂ ಸಂಬಂಧ ಇಲ್ಲ. 2007ರ ಹಿರಿಯ ನಾಗರಿಕರ ಕಾನೂನು ಗತಿ ಇಲ್ಲದ ವೃದ್ಧರಿಗೆ ಜಿಲ್ಲೆಗೊಂದಾದ್ರೂ 150 ಜನರ ವೃದ್ಧಾಶ್ರಮ ಅಂತ ಹೇಳ್ತದೆ. ಕೇರ್ ಹೋಮುಗಳಿಗೆ ರಿಜಿಸ್ಟ್ರೇಷನ್, ಕನಿಷ್ಠ ಗುಣಮಟ್ಟ ಎಲ್ಲ ತರುವ ತಿದ್ದುಪಡಿ 2019ರಲ್ಲಿ ಲೋಕಸಭೆಗೆ ಬಂತು, ಪಾಸಾಗ್ಲೇ ಇಲ್ಲ. ಹೀಗಿದೆ.

ಸ್ಟಾರ್ ರೇಟಿಂಗ್ ಬಂದ್ರೆ ಎಲ್ಲ ಸರಿ ಆಗ್ತದೆ ಅಂತ ಅಣ್ಣನ ವಾದ. ಅಮೆರಿಕದಲ್ಲಿ 2008ರಿಂದ ಸರ್ಕಾರವೇ ನರ್ಸಿಂಗ್ ಹೋಮುಗಳಿಗೆ ಒಂದರಿಂದ ಐದು ಸ್ಟಾರ್ ಕೊಡ್ತಾ ಉಂಟು, ತಪಾಸಣೆ, ಸ್ಟಾಫ್, ರೋಗಿಗಳ ಸ್ಥಿತಿ ಅಂತ ಮೂರು ನೋಡಿ. ರೋಗಿಗಳ ಸ್ಥಿತಿಯ ಎಷ್ಟೋ ಲೆಕ್ಕ ಹೋಮಿನವ್ರೇ ಬರೆದು ಕಳಿಸಿದ್ದು. ಸ್ಟಾಫ್ ಲೆಕ್ಕವೂ ಮೊದ್ಲು ಹಾಗೇ ಇತ್ತು, ಆಮೇಲೆ 2016ರಿಂದ ಸಂಬಳದ ದಾಖಲೆ ಕೊಡಿ ಅಂದ್ರು. 2022ಕ್ಕೆ ಎಂತ ಸೇರಿಸಿದ್ರು ಗೊತ್ತಾ? ವರ್ಷದಲ್ಲಿ ಎಷ್ಟು ಸ್ಟಾಫ್ ಬಿಟ್ಟು ಹೋಗ್ತಾರೆ, ಶನಿವಾರ ಭಾನುವಾರ ಎಷ್ಟು ಜನ ಇರ್ತಾರೆ ಅನ್ನುದನ್ನ. ಹದಿನಾಲ್ಕು ವರ್ಷ ಸ್ಟಾರ್ ಎಣಿಸಿದವ್ರು ಕೊನೆಗೆ ಬಂದು ನಿಂತದ್ದು ನಮ್ಮ ಮಾವಶಿಯರ ಹತ್ರವೇ. ಅಣ್ಣನಿಗೆ ಇದನ್ನ ಕಳಿಸಿದೆ, ಥಮ್ಸ್ ಅಪ್ ಬಂತು, ಮರುದಿನ ಮತ್ತೆ ಸಿಸಿಟಿವಿ ಸ್ಕ್ರೀನ್‌ಶಾಟ್.

ನಮ್ಮವ್ರಿಗೆ ಇಲ್ಲಿ ಇನ್ನೊಂದು ಕಷ್ಟ ಉಂಟು, ಭಾಷೆ. ಐವತ್ತು ವರ್ಷ ಮುಂಬೈಯಲ್ಲಿದ್ದು ಮರಾಠಿ ಹಿಂದಿ ಸಲೀಸಾಗಿ ಮಾತಾಡ್ತಿದ್ದವ್ರು ಸ್ಟ್ರೋಕ್ ಆಗಿಯೋ ಮರೆವು ಬಂದೋ ಊರ ಭಾಷೆಗೆ ವಾಪಸ್ ಹೋಗ್ತಾರೆ, ನೀರು ಕೇಳಿದ್ರೂ ನೋವು ಅಂದ್ರೂ ಎದುರಿಗಿರುವವ್ರಿಗೆ ಬರೀ ಗಲಾಟೆ. ನಾನು ನೀರು, ನೋವು, ಸಾಕು, ಚಳಿ, ಮೂತ್ರ ಅಂತ ಇಪ್ಪತ್ತು ಶಬ್ದ ಮರಾಠಿ ಲಿಪಿಯಲ್ಲಿ ಬರೆದು ಮಂಚದ ಮೇಲ್ಗಡೆ ಅಂಟಿಸಿದ್ದೇನೆ. ಮಾವಶಿ ಅದನ್ನ ಓದಿ ಕಲಿತ್ರಾ ಇಲ್ವಾ ಅನ್ನುದೂ ಒಂದು ಪರೀಕ್ಷೆಯೇ, ಹಳೇ ಹೋಮಲ್ಲಿ ಆ ಚೀಟಿಯನ್ನೇ ಕಿತ್ತು ಬಿಸಾಡಿದ್ರು, ಗೋಡೆ ಹಾಳಾಗ್ತದೆ ಅಂತ.

ಉಳಿದದ್ದೆಲ್ಲ ಹೇಗೋ ಆಗ್ತದೆ, ಮೀನು ಒಂದು ಆಗುದಿಲ್ಲ. ಈ ಕಡೆಯ ಹೋಮುಗಳಲ್ಲಿ ತುಂಬಾ ಕಡೆ ಶುದ್ಧ ಶಾಕಾಹಾರ, ದಾಲ್ ಖಿಚಡಿಯೇ. ದೊಡ್ಡಮ್ಮನಿಗೆ ಕುಚ್ಚಲಕ್ಕಿ ಗಂಜಿ ನಾನು ಡಬ್ಬಿಯಲ್ಲಿ ತಗೊಂಡು ಹೋಗ್ತೇನೆ, ಅದಕ್ಕೆ ಬಿಡ್ತಾರೆ, ಬಂಗುಡೆ ಸಾರಿಗೆ ಗೇಟಲ್ಲೇ ತಡೆ. ಹುಟ್ಟಿದಾಗಿಂದ ಮೀನು ತಿಂದ ಜೀವಕ್ಕೆ ಎಂಬತ್ತನೇ ವಯಸ್ಸಲ್ಲಿ ಬಲವಂತದ ವ್ರತ, ಇದನ್ನ ಯಾವ ಸ್ಟಾರಲ್ಲಿ ಲೆಕ್ಕ ಹಾಕುದು? ಅಂಬರನಾಥ, ಕಲ್ಯಾಣ, ಪನ್ವೇಲ್ ಕಡೆ ಹೊರಗಿನ ಮೀನಿನ ಸಾರಿಗೆ ಅಡ್ಡಿ ಮಾಡದ, ಮಾವಶಿಯರು ವರ್ಷಾನುಗಟ್ಟಲೆ ನಿಂತಿರುವ ಹೋಮ್ ಯಾರಿಗಾದ್ರೂ ಗೊತ್ತಿದ್ರೆ ತಿಳಿಸಿ. ಗಾರ್ಡನ್ ಇಲ್ಲದಿದ್ರೂ ನಡೀತದೆ.