ಸ್ಪಷ್ಟನೆ: ಚೆಶೈರ್‌ಗೆ ವಿಕ್ಟೋರಿಯಾ ಕ್ರಾಸ್ ಬಂದದ್ದು ನಾಗಾಸಾಕಿಗಲ್ಲ

ಬೆಂಗಳೂರಿನಲ್ಲೂ ಇರುವ ಚೆಶೈರ್ ಹೋಮ್‌ಗಳ (ಅಂಗವಿಕಲರ ಆಶ್ರಯಧಾಮಗಳ) ಮೂಲಪುರುಷ, ಎರಡನೇ ಮಹಾಯುದ್ಧದ ಬ್ರಿಟಿಷ್ ಬಾಂಬರ್ ಪೈಲಟ್ ಲಿಯೊನಾರ್ಡ್ ಚೆಶೈರ್ 'ನಾಗಾಸಾಕಿಯ ಮೇಲೆ ಬಾಂಬ್ ಹಾಕಿ ವಿಕ್ಟೋರಿಯಾ ಕ್ರಾಸ್ ಪಡೆದವರು' ಎಂಬ ಸಂದೇಶ ಓಡಾಡುತ್ತಿದೆ. ಎರಡೂ ತಪ್ಪು.

ಬ್ರಿಟನ್ನಿನ ಈ ಅತ್ಯುನ್ನತ ಶೌರ್ಯ ಪದಕ ಗೆಜೆಟ್‌ನಲ್ಲಿ ಪ್ರಕಟವಾದದ್ದು 1944ರ ಸೆಪ್ಟೆಂಬರ್ 8ರಂದು. ನಾಗಾಸಾಕಿ 1945ರ ಆಗಸ್ಟ್ 9ರ ಮಾತು. ಅಲ್ಲಿ ಅವರು ಬಾಂಬ್ ಹಾಕಲಿಲ್ಲ, ಬ್ರಿಟನ್ನಿನ ಪರವಾಗಿ ಬೇರೊಂದು ವಿಮಾನದಲ್ಲಿದ್ದ ವೀಕ್ಷಕರಷ್ಟೆ. ತಾರೀಕು ನೋಡಿದ್ದರೆ ಸಾಕಿತ್ತು.

ಇನ್ನೊಂದು ವಿಶೇಷ: ಈ ಪದಕ ಸಾಮಾನ್ಯವಾಗಿ ಒಂದು ಸಾಹಸಕ್ಕೆ ಸಿಗುವಂಥದ್ದು. ಚೆಶೈರ್‌ಗೆ ಕೊಟ್ಟದ್ದು ನಾಲ್ಕು ವರ್ಷ, ನೂರು ಹಾರಾಟಗಳ ಒಟ್ಟು ಸೇವೆಗೆ. ಪ್ರಶಸ್ತಿ ಪತ್ರ ಉದಾಹರಣೆಗೆ ಎತ್ತಿಕೊಳ್ಳುವುದು 1944ರ ಏಪ್ರಿಲ್‌ನ ಮ್ಯೂನಿಕ್ ದಾಳಿಯನ್ನು. 700 ಅಡಿಗೆ ಇಳಿದು ಗುರಿ ತೋರಿಸುವ ದೀಪಗಳನ್ನು ಬೀಳಿಸಿದರು. ಮೇಲೇರುವಾಗ ಸರ್ಚ್‌ಲೈಟ್‌ಗಳ ಬೆಳಕಿಗೆ ಕಣ್ಣು ಕೋರೈಸಿ ವಿಮಾನ ಇನ್ನೇನು ಹತೋಟಿ ತಪ್ಪುವುದರಲ್ಲಿತ್ತು. ಆಮೇಲೆ 1,000 ಅಡಿ ಎತ್ತರದಲ್ಲಿ ನಗರದ ಮೇಲೇ ಸುತ್ತಿ ಉಳಿದ ವಿಮಾನಗಳಿಗೆ ದಾರಿ ತೋರಿದರು. ಹಿಂದಿರುಗುವಾಗ ಹನ್ನೆರಡು ನಿಮಿಷ ಸತತ ಗುಂಡಿನ ಸುರಿಮಳೆ.

ಅವರಿಗೆ 'ಮೂರು ಬೇರೆ ಬೇರೆ ಡಿಎಸ್‌ಒ ಪದಕ' (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್, ಸೇನಾಧಿಕಾರಿಗಳಿಗೆ ಕೊಡುವ ಬ್ರಿಟಿಷ್ ಗೌರವ) ಬಂದಿತ್ತು ಎಂಬುದೂ ಸರಿಯಲ್ಲ. ಪದಕ ಒಂದೇ, ಮತ್ತೆರಡು ಸಲ ಗೆದ್ದದ್ದಕ್ಕೆ ಅದೇ ರಿಬ್ಬನ್‌ಗೆ ಎರಡು ಬಾರ್, ಅಂದರೆ ಲೋಹದ ಅಡ್ಡಪಟ್ಟಿ. ಪದಕವಿಲ್ಲದೆ ಬರೀ ರಿಬ್ಬನ್ ಧರಿಸುವಾಗ ಪಟ್ಟಿಯ ಬದಲು ಪುಟ್ಟ ಹೂವಿನಾಕಾರದ ರೋಸೆಟ್ ಇರುತ್ತದೆ. ಫೋಟೊ ನೋಡಿ ಎಣಿಸುವವರು ಎಡವುವುದು ಇಲ್ಲೇ. ಜತೆಗೆ ಒಂದು ಡಿಎಫ್‌ಸಿ (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್, ಹಾರಾಟದ ಶೌರ್ಯಕ್ಕೆ ಕೊಡುವ ಪದಕ) ಇತ್ತು.