ಪ್ರಮಾಣವಚನ ಆಯ್ತು, ಖಾತೆ ಯಾವಾಗ?

ಜೂನ್ ಬಂತು. ಫೇಸ್‌ಬುಕ್ ತುಂಬಾ ಶಾಲಾ ಸಂಸತ್ತಿನ ಫೋಟೋ, ಅದೇ, ಮಕ್ಕಳೇ ಓಟು ಹಾಕಿ ಮಕ್ಕಳನ್ನೇ ಮಂತ್ರಿ ಮಾಡೋದು. ನಾಮಪತ್ರ, ಪ್ರಚಾರ, ಮೊಬೈಲ್‌ನಲ್ಲೇ ಮತಯಂತ್ರ, ಬೆರಳಿಗೆ ಶಾಯಿ, ಎಣಿಕೆ, ಪ್ರಮಾಣವಚನ. ನನ್ನ ಪಟ್ಟಿಯಲ್ಲಿರೋ ಮೇಷ್ಟ್ರುಗಳೇ, ಮೇಡಮ್‌ಗಳೇ, ಎಲ್ಲದಕ್ಕೂ ಲೈಕ್ ಒತ್ತಿದ್ದೇನೆ. ಈಗ ಜಗಳಕ್ಕೆ ಬರ್ತೇನೆ, ನನ್ನ ಬುದ್ಧಿ ನಿಮಗೆ ಗೊತ್ತೇ ಇದೆ. ಜುಲೈನಲ್ಲಿ ಈ ಮಂತ್ರಿಗಳು ಏನ್ಮಾಡ್ತಾರೆ?

ಮುಖ್ಯಮಂತ್ರಿ ಪ್ರಾರ್ಥನೆಗೆ "ಸಾವಧಾನ್, ವಿಶ್ರಾಮ್" ಕೂಗ್ತಾನೆ. ಶಿಕ್ಷಣ ಮಂತ್ರಿ ಗಲಾಟೆ ಮಾಡಿದವರ ಹೆಸರು ಬೋರ್ಡ್ ಮೇಲೆ ಬರೀತಾಳೆ. ಸ್ವಚ್ಛತಾ ಮಂತ್ರಿ ಕೈಗೆ ಪೊರಕೆ. ವಿರೋಧ ಪಕ್ಷದ ನಾಯಕನಿಗೆ ಮತ್ತೆ ಬಾಯಿ ಬಿಡೋ ಪ್ರಸಂಗವೇ ಬರಲ್ಲ. ನಿಮಗೆ ಪುಕ್ಕಟೆ ಪೇದೆಗಳು ಸಿಕ್ಕರು, ಅಷ್ಟೇ.

ಖಾತೆ ಕೊಟ್ಟ ಮೇಲೆ ಕೆಲಸ ಕೊಡಿ ಸ್ವಾಮಿ. ಆಹಾರ ಮಂತ್ರಿಯನ್ನೇ ತಗೊಳ್ಳಿ. ಬಿಸಿಯೂಟದಲ್ಲಿ ಒಂದರಿಂದ ಐದನೇ ತರಗತಿಗೆ ತಲಾ 100 ಗ್ರಾಂ ಅಕ್ಕಿ, ಆರರಿಂದ ಎಂಟಕ್ಕೆ 150 ಗ್ರಾಂ. ಇವತ್ತು ಚಿಕ್ಕವರು 40, ದೊಡ್ಡವರು 20 ಬಂದಿದ್ರೆ 7 ಕೆಜಿ. ಬೆಳಿಗ್ಗೆ ಹಾಜರಿ ಎಣಿಸಿ ಈ ಲೆಕ್ಕ ಅವಳೇ ಹಾಕಲಿ, ತೂಕ ನೋಡಲಿ, ಊಟ ಆದ್ಮೇಲೆ ಉಳಿದ ಅನ್ನಾನೂ ಅಳೆದು ಬರೆದಿಡಲಿ. ವಾರ ಕಳೆದರೆ ಯಾವ ದಿನ ಮಕ್ಕಳು ತಟ್ಟೆಯಲ್ಲಿ ಬಿಟ್ಟೇಳ್ತಾರೆ ಅನ್ನೋದು ಕಣ್ಣಿಗೆ ಕಾಣುತ್ತೆ. ಆಮೇಲೆ ಕಷ್ಟದ ಕೆಲಸ: ಅದನ್ನ ಅಡುಗೆಯಮ್ಮನಿಗೆ ಬೇಜಾರಾಗದ ಹಾಗೆ ಹೇಳೋದು. ಆ ಮಾತನ್ನ ಅವಳ ಬದಲು ನೀವು ಆಡಬೇಡಿ, ಪಕ್ಕದಲ್ಲಿ ನಿಂತಿರಿ ಸಾಕು.

ನೀರಿನ ಖಾತೆ ನೋಡಿ. 60 ಮಕ್ಕಳು, ಎರಡು ನಲ್ಲಿ, ತಲಾ ಅರ್ಧ ನಿಮಿಷ ಅಂದ್ರೂ ಕೈ ತೊಳೆಯೋಕೇ 15 ನಿಮಿಷ. "ಸಾಲಾಗಿ ನಿಲ್ರೋ" ಅಂತ ಎಷ್ಟು ಕಿರುಚಿದ್ರೂ ನಲ್ಲಿ ಮೂರಾಗಲ್ಲ. ಚಿಕ್ಕವರನ್ನ ಐದು ನಿಮಿಷ ಮೊದಲು ಬಿಡೋದಾ? ಬಕೆಟ್ಟು ಮಗ್ಗು ಇಟ್ಟು ಇನ್ನೊಂದು ಜಾಗ ಮಾಡೋದಾ? ಮಕ್ಕಳೇ ತೀರ್ಮಾನಿಸಿ ಒಂದು ವಾರ ನಡೆಸಲಿ. ಕೆಟ್ಟರೆ ಕೆಡಲಿ. ಎಲ್ಲ ಹಾಳಾಗೋದು ಇಲ್ಲೇ. ಎರಡನೇ ದಿನ ನೂಕಾಟ ಆಯ್ತು ಅಂತ ಮೇಷ್ಟ್ರು "ಸರೀರೋ, ನಾನು ಹೇಳ್ದಂಗೆ ಮಾಡಿ" ಅಂತ ನುಗ್ತಾರೆ. ಮಂತ್ರಿ ಮತ್ತೆ ಪೇದೆ.

"ಇಬ್ಬರು ಶಿಕ್ಷಕರು, ಐದು ತರಗತಿ, ಮೇಲೆ ಆನ್‌ಲೈನ್ ಎಂಟ್ರಿ, ಟೈಮೆಲ್ಲಿದೆ?" ಅಂತೀರಿ. ಕಷ್ಟ ನಿಜ. ಆದ್ರೆ ಚುನಾವಣೆಗೆ, ಫೋಟೋಗೆ ಸಿಕ್ಕ ಪುರುಸೊತ್ತು ಶನಿವಾರದ 20 ನಿಮಿಷದ ಸಭೆಗೆ ಯಾಕೆ ಸಿಗಲ್ಲ? ನಡಾವಳಿ ಮಗುವೇ ಬರೀಲಿ, ಒತ್ತಕ್ಷರ ತಪ್ಪಿದ್ರೂ ಪರವಾಗಿಲ್ಲ. ಮೊದಲ ಪ್ರಶ್ನೆ ವಿರೋಧ ಪಕ್ಷದ್ದು. ನೀವು ಹಿಂದಿನ ಬೆಂಚಲ್ಲಿ, ಬಾಯಿಗೆ ಬೀಗ. ಎರಡು ತಿಂಗಳಿಗೊಮ್ಮೆ ಖಾತೆ ಬದಲಿಸಿ. ಚೆನ್ನಾಗಿ ಮಾರ್ಕ್ಸ್ ತೆಗೆಯೋ ಅದೇ ನಾಲ್ಕು ಮಕ್ಕಳು ವರ್ಷವಿಡೀ ಕೂತರೆ ಉಳಿದವರು ಕಲಿಯೋದು ಚಪ್ಪಾಳೆ ತಟ್ಟೋದನ್ನ. (ಹುಡುಗ ಮುಖ್ಯಮಂತ್ರಿ, ಹುಡುಗಿ ಯಾವಾಗ್ಲೂ 'ಉಪ'. ಇದೇನು ಸಂವಿಧಾನದಲ್ಲಿ ಬರೆದಿದೆಯಾ?)

ಇನ್ನು ಮಕ್ಕಳ ಗ್ರಾಮಸಭೆ, ಅಂದ್ರೆ ಪಂಚಾಯಿತಿಯವರು ಮಕ್ಕಳ ಅಹವಾಲು ಕೇಳೋ ಸಭೆ. ಮೇಷ್ಟ್ರು ಬರೆದುಕೊಟ್ಟ ಚೀಟಿಯನ್ನ ಮಗು ಮೈಕ್‌ನಲ್ಲಿ ಓದಿದ್ರೆ ಪಿಡಿಒಗೂ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಗೊತ್ತಾಗುತ್ತೆ, ನಕ್ಕು ಚಾಕೊಲೇಟ್ ಕೊಟ್ಟು ಕಳಿಸ್ತಾರೆ. "ಕಾಂಪೌಂಡ್ ಬೇಕು ಸರ್" ಅನ್ನೋ ಮೊದಲು ಟೇಪ್ ಹಿಡಿದು ಎಷ್ಟು ಅಡಿ ಬಿದ್ದಿದೆ ಅಂತ ಮಕ್ಕಳೇ ಅಳೆಯಲಿ. ಅರ್ಜಿ ಎರಡು ಪ್ರತಿ ಇರಲಿ. ಒಂದು ಪಂಚಾಯಿತಿಗೆ; ಇನ್ನೊಂದಕ್ಕೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಶಾಲೆಯ ಫೈಲಿಗೆ. ಮುಂದಿನ ವರ್ಷದ ಸಭೆಗೆ ಯಾವ ಮಗು ಹೋದ್ರೂ ಆ ಫೈಲು ಜೊತೆಗಿರಲಿ, ಮೊದಲ ಪ್ರಶ್ನೆ ಅದರಿಂದಲೇ ಬರಲಿ.