ಕಿಟಕಿ ಬದಿಯ ಎರಡು ಕಡ್ಡಿ

ಮುಂಬೈ ಹತ್ರದ ಡೊಂಬಿವಲಿಯ ನಮ್ಮ ಒನ್ ಬಿಎಚ್‌ಕೆಯಲ್ಲಿ ನಂಗೆ ಅಂತ ಒಂದು ಜಾಗ ಉಂಟು, ಬೆಡ್‌ರೂಮಿನ ಕಿಟಕಿಯ ಎಡಮೂಲೆ, ಒಂದು ಕಡೆ ಒಣಗಲಿಕ್ಕೆ ಹಾಕಿದ ಟವೆಲ್ಲು ಇನ್ನೊಂದು ಕಡೆ ತುಳಸಿ ಕುಂಡ, ಮಧ್ಯೆ ನಿಂತು ಫೋನನ್ನ ಗ್ರಿಲ್ಲಿಂದ ಅರ್ಧ ಅಡಿ ಆಚೆ ಹಿಡಿದ್ರೆ ನೆಟ್‌ವರ್ಕಿನ ಎರಡು ಕಡ್ಡಿ ಬರ್ತದೆ. ಒಂದು ಹೆಜ್ಜೆ ಹಿಂದೆ ಬಂದ್ರೆ ಮುಗೀತು. ಹೆಂಡತಿದು ಬೇರೆ ಕಂಪನಿಯ ಸಿಮ್ಮು, ಅವಳು ಸೋಫಾದಲ್ಲಿ ಕಾಲು ನೀಡಿ ಕೂತು ತವರಿಗೆ ವಿಡಿಯೋ ಕಾಲ್ ಮಾಡ್ತಾಳೆ. ಮಗನದ್ದು ಮೂರನೇ ಕಂಪನಿ, ಅವನಿಗೆ ಬಾತ್‌ರೂಮಲ್ಲಿ ಫುಲ್ಲು. (ಅಷ್ಟು ಹೊತ್ತು ಒಳಗೆ ಎಂತ ಮಾಡ್ತಾನೆ ಅಂತ ನಾವು ತಲೆ ಕೆಡಿಸಿಕೊಂಡದ್ದೇ ಬಂತು.)

ಇಂಥದ್ದನ್ನೆಲ್ಲ ಬಲ್ಲ ಗೆಳೆಯನೊಬ್ಬ ಹೇಳಿದ, 900 ಮೆಗಾಹರ್ಟ್ಸ್ ಅಲೆ ಗೋಡೆ ದಾಟಿ ಬರ್ತದೆ, 2300ರದ್ದು ಕಾಂಕ್ರೀಟು ಕಂಡ್ರೆ ಸೊರಗ್ತದೆ, ಯಾವ ಕಂಪನಿ ಹರಾಜಲ್ಲಿ ಯಾವುದನ್ನ ತಗೊಂಡಿದೆ, ಟವರು ಎಲ್ಲಿದೆ, ಅದರ ಮೇಲೆ ಎಲ್ಲ ಅಂತ. ಅಂದ್ರೆ ಯಾರೋ ಎಲ್ಲೋ ಹರಾಜು ಕೂಗಿದ್ದಕ್ಕೆ ನಾನಿಲ್ಲಿ ಒದ್ದೆ ಟವೆಲ್ ಪಕ್ಕ ನಿಲ್ಬೇಕು. ಮತ್ಸ್ಯಗಂಧ ರೈಲಲ್ಲಿ ಊರಿಗೆ ಹೋಗುವಾಗ ರತ್ನಾಗಿರಿ ಹತ್ರ ಕರ್ಬುಡೆ ಸುರಂಗ ಬರ್ತದಲ್ಲ, 6.5 ಕಿಲೋಮೀಟರು, ಅಲ್ಲಿ ನಂದು, ಹೆಂಡತಿದು, ಎದುರು ಸೀಟಿನವರದ್ದು ಎಲ್ಲ ಒಟ್ಟಿಗೇ ಸತ್ತು ಹೋದಾಗ ಸುಳ್ಳು ಯಾಕೆ ಹೇಳ್ಲಿ, ಒಂಥರಾ ಖುಷಿ ಆಗ್ತದೆ.

ನಿಂತು ಮಾತಾಡೋದು ಕಷ್ಟ ಅಲ್ಲ. ಕಷ್ಟ ಎಂತ ಅಂದ್ರೆ ನಮ್ಮಮ್ಮನಿಗೆ ಕಿವಿ ಮಂದ, ಕೂಗಿಯೇ ಹೇಳ್ಬೇಕು, ಹಾಗಾಗಿ ಊರಲ್ಲಿ ಪಕ್ಕದವರ ತೆಂಗಿನಮರ ನಮ್ಮ ಮಾಡಿನ ಮೇಲೆ ವಾಲಿದ್ದು, ಅದಕ್ಕೆ ಜಗಳ ಆದದ್ದು, ತಮ್ಮ ಅವರ ಕಡೆ ಸೇರಿದ್ದು ಎಲ್ಲ ಕಿಟಕಿಯಿಂದ ಹೊರಗೆ ಹೋಗ್ತಿತ್ತು. ಮೊಬೈಲ್ ಇಲ್ಲದ ಕಾಲದಲ್ಲಿ ಮಾಟುಂಗದ ಎಸ್‌ಟಿಡಿ ಬೂತಲ್ಲಿ ರಾತ್ರಿ 11ರ ಮೇಲಿನ ಕಾಲು ಭಾಗ ರೇಟಿಗೆ ಕ್ಯೂ ನಿಲ್ತಿದ್ವು, ಮೀಟರಿನ ಕೆಂಪು ಅಂಕಿ ಓಡೋದು ನೋಡಿದ್ರೆ ಎದೆ ಹೊಡ್ಕೊಳ್ತಿತ್ತು, ಆದ್ರೆ ಆ ಬೂತಿಗೆ ಗಾಜಿನ ಬಾಗಿಲಾದ್ರೂ ಇತ್ತು ಮಾರಾಯ್ರೆ. ಹೋಗ್ಲಿ, ಸುತ್ತ ಎಲ್ಲ ಮರಾಠಿಯವರು, ನನ್ನ ಕನ್ನಡವೇ ನನಗೆ ಪಾಸ್‌ವರ್ಡು ಅಂತ ಧೈರ್ಯವಾಗಿದ್ದೆ. ಒಂದಿನ ಕೆಳಗಿನ ಮನೆ ಅಜ್ಜ, ಆರು ವರ್ಷದಿಂದ ನನ್ನ ಹತ್ರ ಮರಾಠಿಯಲ್ಲೇ ಮಾತಾಡ್ತಿದ್ದವರು, ಲಿಫ್ಟಲ್ಲಿ ಮೆಲ್ಲಗೆ, "ಹ್ವಾಯ್, ಆ ತೆಂಗಿನ್ ಮರ ಕಡ್ಸಿದ್ರಾ ಕಡಿಕೆ?" ಅಂದ್ರು. ಕುಂದಾಪ್ರದವರಂತೆ!

ಅವತ್ತೇ ರಾತ್ರಿ ಕಂಪನಿ ಬದಲಾಯಿಸಲಿಕ್ಕೆ 1900 ನಂಬರಿಗೆ ಪೋರ್ಟ್ ಅಂತ ಮೆಸೇಜು ಹಾಕ್ದೆ. 2011ರಿಂದ ಇರೋ ಸೌಲಭ್ಯ, ನಾನು ಇಷ್ಟು ವರ್ಷ ಸುಮ್ನಿದ್ದದ್ದು ಬರೀ ಸೋಮಾರಿತನ. ನಂಬರು ಅದೇ ಇಟ್ಕೊಂಡು ಹೆಂಡತಿ ಕಂಪನಿಗೆ ಬಂದೆ, ಇನ್ನು ಬೇಡ ಅನಿಸಿದ್ರೂ 90 ದಿನ ಕದಲೋ ಹಾಗಿಲ್ಲ.

ಮೊದಲನೇ ಭಾನುವಾರ ಸೋಫಾದಲ್ಲಿ ರಾಜನ ಹಾಗೆ ಕೂತು ಅಮ್ಮನಿಗೆ ಫೋನ್ ಮಾಡಿದೆ. "ಸಮ ಕೇಂತಿಲ್ಲೆ ಮಗಾ, ಕಿಟ್ಕಿ ಬದಿಗ್ ಹೋಯಿ ಮಾತಾಡ್" ಅಂದ್ರು. ಕಾಲು ತನ್ನಷ್ಟಕ್ಕೇ ಎದ್ದು ಹೋಯ್ತು, ಟವೆಲ್ ಸರಿಸಿ ಕೈ ಹೊರಗೆ ಚಾಚಿದೆ, ಕಾಲ್ ಕಟ್ಟು. ಹೊಸ ಸಿಮ್ಮಿಗೆ ಆ ಮೂಲೇಲಿ ಒಂದು ಕಡ್ಡಿಯೂ ಇಲ್ಲ. ಕೆಳಗೆ ನೋಡಿದ್ರೆ ಅಜ್ಜ ಕುರ್ಚಿ ಹಾಕ್ಕೊಂಡು ಕತ್ತೆತ್ತಿ ಕೂತಿದ್ರು.